ನಾಲ್ಕು ಬೋಲ್ಟ್ ಇಲ್ಲದ್ದು ಕಂಪನಿಗೆ ಏಕೆ ಗೊತ್ತಾಗಲಿಲ್ಲ? ವಿಮಾನ ಲೋಕದ ‘ಎಸ್‌ಎಂಎಸ್’ ಎಂದರೆ ಏನು

2024ರ ಜನವರಿ 5ರ ಸಂಜೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ 9 ಇನ್ನೂ ಮೇಲೇರುತ್ತಿತ್ತು. ಒಳಗೆ 177 ಜನ. ಸುಮಾರು 15,000 ಅಡಿ ಎತ್ತರ ಮುಟ್ಟುವ ಹೊತ್ತಿಗೆ ಎಡಗಡೆ ಗೋಡೆಯಿಂದ ಬಾಗಿಲಿನಷ್ಟು ದೊಡ್ಡ ತುಂಡೊಂದು ಕಿತ್ತು ಹಾರಿಹೋಯಿತು. ಅದರ ಪಕ್ಕದ ಕಿಟಕಿ ಸೀಟು ಅವತ್ತು ಖಾಲಿ ಇತ್ತು. ಪೈಲಟ್‌ಗಳು ವಾಪಸ್ ತಿರುಗಿಸಿ ವಿಮಾನ ಇಳಿಸಿದರು. ಯಾರ ಜೀವವೂ ಹೋಗಲಿಲ್ಲ.

ಹಾರಿಹೋದ ತುಂಡಿಗೆ ಡೋರ್ ಪ್ಲಗ್ ಎನ್ನುತ್ತಾರೆ. ಸೀಟು ಜಾಸ್ತಿ ಇರುವ ವಿಮಾನದಲ್ಲಿ ಆ ಜಾಗದಲ್ಲಿ ತುರ್ತು ಬಾಗಿಲು ಇರುತ್ತದೆ. ಸೀಟು ಕಡಿಮೆ ಇದ್ದರೆ ಬಾಗಿಲು ಬೇಡ, ಪ್ಲಗ್ ಹಾಕಿ ಮುಚ್ಚುತ್ತಾರೆ. ಅದು ಮೇಲಕ್ಕೆ ಜಾರದಂತೆ ನಾಲ್ಕು ಬೋಲ್ಟ್ ಹಿಡಿದುಕೊಂಡಿರಬೇಕು. ಆ ನಾಲ್ಕೂ ಇರಲಿಲ್ಲ. ಕಾರ್ಖಾನೆಯಲ್ಲಿ ಪಕ್ಕದ ಕೆಲವು ರಿವೆಟ್‌ಗಳನ್ನು, ಅಂದರೆ ಲೋಹದ ಹಾಳೆಗಳನ್ನು ಜೋಡಿಸುವ ಮೊಳೆಗಳನ್ನು, ಸರಿಮಾಡಲು ಪ್ಲಗ್ ತೆಗೆದಿದ್ದರು, ಕೆಲಸ ಮುಗಿದ ಮೇಲೆ ಮುಚ್ಚಿದರು, ಬೋಲ್ಟ್ ಹಾಕಲಿಲ್ಲ. ಪ್ಲಗ್ ತೆಗೆದಿದ್ದೇವೆ ಎಂದು ದಾಖಲೆಯಲ್ಲೂ ಬರೆಯಲಿಲ್ಲ. ಬರೆಯದೇ ಇದ್ದ ಕೆಲಸವನ್ನು ಪರೀಕ್ಷೆ ಮಾಡಲು ಯಾರು ಬರುತ್ತಾರೆ ಹೇಳಿ. ವಿಮಾನ 2023ರ ಅಕ್ಟೋಬರ್ 31ರಂದು ಏರ್‌ಲೈನ್ಸ್ ಕೈ ಸೇರಿತು. ಸುಮಾರು ಎರಡು ತಿಂಗಳು ಹಾಗೆಯೇ ಜನರನ್ನು ಹೊತ್ತು ಹಾರಿತು.

ಇಂಥ ಸುದ್ದಿ ಓದಿದಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು, ಬೋಲ್ಟ್ ಹಾಕೋದನ್ನ ಯಾರು ಮರೆತರು ಅಂತ. ಅಮೆರಿಕದ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಒಂದೂವರೆ ವರ್ಷ ತನಿಖೆ ಮಾಡಿ 2025ರ ಜೂನ್‌ನಲ್ಲಿ ತೀರ್ಮಾನ ಹೇಳಿತು. ಅದು ಬೊಟ್ಟು ಮಾಡಿದ್ದು ಯಾವ ಕಾರ್ಮಿಕನ ಕಡೆಗೂ ಅಲ್ಲ. ಬಿಡಿಭಾಗ ಬಿಚ್ಚಿದರೆ ಏನೇನು ಮಾಡಬೇಕು ಎಂಬ ಕ್ರಮವನ್ನು ಕೆಲಸಗಾರರು ಸರಿಯಾಗಿ ಪಾಲಿಸಲು ಬೇಕಾದ ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆಯನ್ನು ಬೋಯಿಂಗ್ ಕೊಟ್ಟಿರಲಿಲ್ಲ ಎಂದಿತು. ಅಂದರೆ ಪ್ರಶ್ನೆಯೇ ಬದಲಾಗುತ್ತದೆ. ಒಬ್ಬ ಮನುಷ್ಯ ಮರೆತದ್ದು ಇಷ್ಟು ದೊಡ್ಡ ಕಂಪನಿಯ ಗಮನಕ್ಕೆ ಬರದೇ ಹೇಗೆ ಹೋಯಿತು?

ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದೇ ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಸುರಕ್ಷತಾ ನಿರ್ವಹಣಾ ವ್ಯವಸ್ಥೆ. ಚಿಕ್ಕದಾಗಿ ಎಸ್‌ಎಂಎಸ್. ವಿಮಾನ ದುರಂತದ ಸುದ್ದಿಗಳಲ್ಲಿ ಈಗ ಪದೇ ಪದೇ ಕಿವಿಗೆ ಬೀಳುವ ಮಾತು ಇದು.

ಅದು ಯಂತ್ರವೂ ಅಲ್ಲ, ಸಾಫ್ಟ್‌ವೇರೂ ಅಲ್ಲ

ಹೆಸರಲ್ಲಿ ಸಿಸ್ಟಮ್ ಎಂದಿರುವುದರಿಂದ ವಿಮಾನದೊಳಗೆ ಕೂರಿಸುವ ಯಾವುದೋ ಉಪಕರಣ ಅನ್ನಿಸಬಹುದು. ಇದು ಕಂಪನಿ ಕೆಲಸ ಮಾಡುವ ರೀತಿಯ ಹೆಸರು.

ದುಡ್ಡಿನ ಉದಾಹರಣೆ ತೆಗೆದುಕೊಳ್ಳಿ. ಯಾವ ಕಂಪನಿಯೂ “ಖರ್ಚು ಹುಷಾರಾಗಿ ಮಾಡಿ” ಎಂದು ಗೋಡೆ ಮೇಲೆ ಬೋರ್ಡ್ ಹಾಕಿ ಸುಮ್ಮನೆ ಕೂರುವುದಿಲ್ಲ. ಲೆಕ್ಕ ಬರೆಯುತ್ತಾರೆ. ಪ್ರತಿ ಚೀಟಿಗೂ ಸಹಿ ಬೇಕು. ತಿಂಗಳಿಗೊಮ್ಮೆ ಕೂತು ಎಲ್ಲಿ ಸೋರುತ್ತಿದೆ ಎಂದು ನೋಡುತ್ತಾರೆ. ಹೊರಗಿನವರು ಬಂದು ಆಡಿಟ್ ಮಾಡುತ್ತಾರೆ. ಕೊನೆಗೆ ಲೆಕ್ಕ ತಪ್ಪಿದರೆ ಯಾರು ಉತ್ತರ ಹೇಳಬೇಕು ಎಂಬುದೂ ಮೊದಲೇ ಗೊತ್ತಿರುತ್ತದೆ. ಸುರಕ್ಷತೆಯನ್ನೂ ಹೀಗೇ, ದುಡ್ಡಿನಷ್ಟೇ ಕಟ್ಟುನಿಟ್ಟಾಗಿ ನೋಡಿಕೊಂಡರೆ ಅದು ಎಸ್‌ಎಂಎಸ್. ಅಪಾಯ ಎಲ್ಲಿದೆ ಎಂದು ಹುಡುಕಬೇಕು, ಎಷ್ಟು ದೊಡ್ಡದು ಎಂದು ಅಳೆಯಬೇಕು, ಕಡಿಮೆ ಮಾಡಬೇಕು, ನಿಜವಾಗಲೂ ಕಡಿಮೆಯಾಯಿತಾ ಎಂದು ತಿರುಗಿ ನೋಡಬೇಕು. ಇದಕ್ಕೆಲ್ಲ ಜನ, ಸಮಯ, ಹಣ ಎತ್ತಿಡಬೇಕು.

ಅಪಾಯ ಬೇರೆ, ರಿಸ್ಕ್ ಬೇರೆ

ಮುಂದೆ ಹೋಗುವ ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ಮಾತಿನಲ್ಲಿ ಎರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಈ ಕ್ಷೇತ್ರದವರು ಬಳಸುವುದಿಲ್ಲ.

ಮೆಟ್ಟಿಲ ಮೇಲೆ ಮಗುವಿನ ಆಟದ ಕಾರು ಬಿದ್ದಿದೆ ಎಂದುಕೊಳ್ಳಿ. ಆ ಕಾರು ಹಜಾರ್ಡ್, ಅಂದರೆ ಅಪಾಯದ ಮೂಲ. ಸುಮ್ನೆ ಬಿದ್ದಿದೆ, ಇನ್ನೂ ಯಾರಿಗೂ ಏನೂ ಆಗಿಲ್ಲ. ಯಾರಾದರೂ ಅದರ ಮೇಲೆ ಕಾಲಿಡುವ ಸಾಧ್ಯತೆ ಎಷ್ಟು, ಇಟ್ಟರೆ ಎಷ್ಟು ಪೆಟ್ಟಾಗುತ್ತದೆ, ಇವೆರಡನ್ನೂ ಸೇರಿಸಿ ನೋಡಿದರೆ ಅದು ರಿಸ್ಕ್. ಹಗಲಲ್ಲಿ ಕೆಳಗಿನ ಮೆಟ್ಟಿಲ ಮೇಲಿದ್ದರೆ ರಿಸ್ಕ್ ಕಡಿಮೆ. ಅದೇ ಕಾರು ರಾತ್ರಿ ಹೊತ್ತು, ಬಲ್ಬ್ ಹೋಗಿರುವಾಗ, ಮೇಲಿನ ಮೆಟ್ಟಿಲಲ್ಲಿ, ವಯಸ್ಸಾದವರು ಓಡಾಡುವ ಮನೆಯಲ್ಲಿದ್ದರೆ ರಿಸ್ಕ್ ತುಂಬಾ ಜಾಸ್ತಿ.

ಈಗ ಏನು ಮಾಡುತ್ತೀರಿ? “ನೋಡ್ಕೊಂಡು ಹತ್ತಿ” ಎಂದು ಎಲ್ಲರಿಗೂ ಹೇಳಬಹುದು. ಬಲ್ಬ್ ಹಾಕಬಹುದು. ಕಾರನ್ನೇ ಎತ್ತಿಡಬಹುದು. ಮೂರೂ ಪರಿಹಾರಗಳೇ. ಆದರೆ ಹೇಳಿದ ಮಾತು ಮರೆತುಹೋಗುತ್ತದೆ, ಎತ್ತಿಟ್ಟ ಕಾರು ಕಾಲಿಗೆ ಸಿಗುವುದಿಲ್ಲ. ವಿಮಾನ ಕ್ಷೇತ್ರದಲ್ಲೂ ಲೆಕ್ಕಾಚಾರ ಇದೇ. ಮೊದಲು ಅಪಾಯವನ್ನೇ ತೆಗೆಯಲು ಆಗುತ್ತದಾ ನೋಡಬೇಕು, ಆಗದಿದ್ದರೆ ತಡೆ ಕಟ್ಟಬೇಕು. ಎಚ್ಚರಿಕೆಯ ಸುತ್ತೋಲೆ ಕಳಿಸಿ ಕೈ ತೊಳೆದುಕೊಳ್ಳುವುದು ಎಲ್ಲಕ್ಕಿಂತ ದುರ್ಬಲ ಪರಿಹಾರ. ಎಲ್ಲಕ್ಕಿಂತ ಸುಲಭವೂ ಅದೇ ಆಗಿರುವುದರಿಂದ ಕಂಪನಿಗಳು ಬೇಗ ಅದಕ್ಕೇ ಕೈ ಹಾಕುತ್ತವೆ.

ಅಳೆಯುವುದಕ್ಕೆ ಒಂದು ಚೌಕಟ್ಟು ಇದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ತನ್ನ ಕೈಪಿಡಿಯಲ್ಲಿ ಐದು ಸಾಲು ಐದು ಕಾಲಂನ ಕೋಷ್ಟಕ ಕೊಟ್ಟಿದೆ. ಒಂದು ಕಡೆ ಎಷ್ಟು ಸಲ ಆಗಬಹುದು ಎಂಬುದಕ್ಕೆ 5ರಿಂದ 1, ಇನ್ನೊಂದು ಕಡೆ ಆದರೆ ಎಷ್ಟು ಹಾನಿ ಎಂಬುದಕ್ಕೆ ಎ ಇಂದ ಇ. ಕೆಂಪು ಮನೆಯಲ್ಲಿ ಬಿದ್ದರೆ ಆ ಕೆಲಸ ನಿಲ್ಲಿಸಬೇಕು. ಹಳದಿಯಾದರೆ ರಿಸ್ಕ್ ಇಳಿಸುವ ದಾರಿ ಹುಡುಕಬೇಕು, ಮುಂದುವರಿಯಬೇಕಾದರೆ ಮೇಲಿನವರು ನಿರ್ಧರಿಸಬೇಕು. ಹಸಿರಾದರೆ ಮುಂದುವರಿಯಬಹುದು. ರಿಸ್ಕ್ ಎಂಬುದು ಎಲ್ಲಿಯೂ ಸೊನ್ನೆ ಆಗುವುದಿಲ್ಲ, ಈ ಕೋಷ್ಟಕದಲ್ಲಿ ಸೊನ್ನೆಗೆ ಜಾಗವೇ ಇಲ್ಲ.

ಮೊದಲೆಲ್ಲ ಹೇಗಿತ್ತು

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇದೆಯಲ್ಲ, ವಿಮಾನಯಾನ ಬಹಳ ಕಾಲ ನಡೆದದ್ದು ಹಾಗೆಯೇ. ಒಂದು ವಿಮಾನ ಬಿತ್ತು, ತನಿಖೆ ಆಯಿತು, ಕಾರಣ ಸಿಕ್ಕಿತು, ಹೊಸ ನಿಯಮ ಬಂತು. ಆ ದಾರಿಯಿಂದ ಕಲಿತದ್ದು ಕಡಿಮೆ ಏನಲ್ಲ. ಆದರೆ ಪ್ರತಿ ಪಾಠಕ್ಕೂ ಜೀವ ತೆರಬೇಕಾಗಿತ್ತು.

ಪಾಠ ಮೊದಲೇ ಕೈಯಲ್ಲಿದ್ದೂ ಉಪಯೋಗಕ್ಕೆ ಬಾರದೆ ಹೋದ ಘಟನೆ 1974ರದ್ದು. ಆ ವರ್ಷ ಡಿಸೆಂಬರ್ 1ರಂದು ಟಿಡಬ್ಲ್ಯುಎ ಕಂಪನಿಯ 514ನೇ ವಿಮಾನ ವಾಷಿಂಗ್ಟನ್ ಹತ್ತಿರದ ಡಲ್ಲಸ್ ನಿಲ್ದಾಣಕ್ಕೆ ಇಳಿಯಲು ಬರುತ್ತಿತ್ತು. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ನಿಯಂತ್ರಕರು ಕೊಟ್ಟ ಅನುಮತಿಯನ್ನು ಪೈಲಟ್‌ಗಳು ಒಂದು ಅರ್ಥದಲ್ಲಿ ತೆಗೆದುಕೊಂಡರು. ನಿಯಂತ್ರಕರ ಲೆಕ್ಕದಲ್ಲಿ ಅದರ ಅರ್ಥ ಬೇರೆ ಇತ್ತು. ವಿಮಾನ ಬೇಗ ಕೆಳಗಿಳಿದು ಬೆಟ್ಟಕ್ಕೆ ಬಡಿಯಿತು. 92 ಜನ, ಒಳಗಿದ್ದ ಎಲ್ಲರೂ, ಸತ್ತರು. ತನಿಖೆಯಲ್ಲಿ ಗೊತ್ತಾದದ್ದು ಏನು ಗೊತ್ತಾ? ಸುಮಾರು ಆರು ವಾರ ಮುಂಚೆ ಯುನೈಟೆಡ್ ಕಂಪನಿಯ ವಿಮಾನವೊಂದು ಅದೇ ಜಾಗದಲ್ಲಿ, ಅದೇ ಗೊಂದಲದಿಂದ, ಅದೇ ಬೆಟ್ಟಕ್ಕೆ ಬಡಿಯುವುದರಿಂದ ಕೂದಲೆಳೆಯಲ್ಲಿ ಪಾರಾಗಿತ್ತು. ಆ ಪೈಲಟ್‌ಗಳು ತಮ್ಮ ಕಂಪನಿಗೆ ಹೇಳಿದ್ದರು. ಕಂಪನಿ ತನ್ನ ಪೈಲಟ್‌ಗಳಿಗೆಲ್ಲ ಎಚ್ಚರಿಕೆ ಕೊಟ್ಟಿತ್ತು. ಪಕ್ಕದ ಕಂಪನಿಯವರಿಗೆ ಆ ಮಾತು ಮುಟ್ಟುವ ದಾರಿಯೇ ಇರಲಿಲ್ಲ.

ಈ ಘಟನೆಯ ಬಗ್ಗೆ ಎಷ್ಟು ಸಲ ಓದಿದರೂ ನನ್ನ ಮನಸ್ಸು ಆ ಆರು ವಾರದ ಹತ್ತಿರವೇ ನಿಂತುಬಿಡುತ್ತದೆ. ತಿಳಿದವರು ಇದ್ದರು, ತಿಳಿಯಬೇಕಾದವರೂ ಇದ್ದರು, ನಡುವೆ ಸೇತುವೆ ಇರಲಿಲ್ಲ.

1976ರಲ್ಲಿ ಆ ಸೇತುವೆ ಕಟ್ಟಿದರು. ಪೈಲಟ್‌ಗಳು, ನಿಯಂತ್ರಕರು, ಮೆಕ್ಯಾನಿಕ್‌ಗಳು ತಮ್ಮ ತಪ್ಪು, ತಾವು ಕಂಡ ಅಪಾಯ ಎಲ್ಲವನ್ನೂ ಬರೆದು ಕಳಿಸಬಹುದಾದ ಎಎಸ್‌ಆರ್‌ಎಸ್ ಎಂಬ ವ್ಯವಸ್ಥೆ ಅದು. ನಡೆಸುವುದು ನಾಸಾ. ಇದನ್ನು ಬೇಕೆಂದೇ ಹಾಗೆ ಮಾಡಿದ್ದು. ದಂಡ ಹಾಕುವ ಅಧಿಕಾರ ಇರುವುದು ವಿಮಾನಯಾನ ಇಲಾಖೆ ಎಫ್‌ಎಎ ಕೈಯಲ್ಲಿ. ತಪ್ಪೊಪ್ಪಿಗೆಯನ್ನು ದಂಡ ಹಾಕುವವರ ಕೈಗೇ ಕೊಡಿ ಎಂದರೆ ಯಾರು ಬರೆಯುತ್ತಾರೆ? ನಾಸಾದವರು ಬರೆದವರ ಹೆಸರು ತೆಗೆದುಹಾಕಿ ವಿಷಯ ಮಾತ್ರ ಉಳಿಸಿಕೊಳ್ಳುತ್ತಾರೆ.

ನಾಲ್ಕು ಕಂಬ, ಒಂದು ಮನೆ

ಐಸಿಎಒ 2013ರಲ್ಲಿ ಅಂತಾರಾಷ್ಟ್ರೀಯ ವಿಮಾನಯಾನ ಒಪ್ಪಂದಕ್ಕೆ ಸುರಕ್ಷತಾ ನಿರ್ವಹಣೆಗೆಂದೇ 19ನೇ ಅನುಬಂಧ ತಂದಿತು. ಆ ವರ್ಷ ನವೆಂಬರ್ 14ರಿಂದ ಅದು ಜಾರಿಯಲ್ಲಿದೆ. ಅದರ ಪ್ರಕಾರ ಎಸ್‌ಎಂಎಸ್‌ಗೆ ನಾಲ್ಕು ಭಾಗ. ನಿಯಮ ತರುವ ದೇಶಗಳು ಪದಗಳನ್ನು ಅಷ್ಟಿಷ್ಟು ಬದಲಿಸಿದರೂ ಒಳಗಿರುವುದು ಇದೇ.

ಮೊದಲನೆಯದು ನೀತಿ. ಇದರಲ್ಲಿ ಮುಖ್ಯವಾದ ಅಂಶ ಒಂದೇ: ಜವಾಬ್ದಾರಿ ಯಾರದು ಎಂದು ಹೆಸರು ಹಿಡಿದು ಬರೆಯಬೇಕು. ಅಕೌಂಟಬಲ್ ಎಕ್ಸಿಕ್ಯೂಟಿವ್ ಎನ್ನುತ್ತಾರೆ. ಆ ವ್ಯಕ್ತಿಗೆ ಹಣ ಖರ್ಚು ಮಾಡುವ, ಬೇಕಾದರೆ ವಿಮಾನ ನಿಲ್ಲಿಸುವ ಅಧಿಕಾರ ಇರಬೇಕು. ಸುರಕ್ಷತಾ ಅಧಿಕಾರಿ ಎಂದು ಒಬ್ಬರನ್ನು ಮೂಲೆಯ ಕೋಣೆಯಲ್ಲಿ ಕೂರಿಸಿ, ಏನಾದರೂ ಆದಾಗ ಅವರ ತಲೆಗೆ ಕಟ್ಟುವುದಕ್ಕೆ ಇದು ಅವಕಾಶ ಕೊಡುವುದಿಲ್ಲ.

ಎರಡನೆಯದು ರಿಸ್ಕ್ ನಿರ್ವಹಣೆ. ಮೆಟ್ಟಿಲಿನ ಉದಾಹರಣೆಯಲ್ಲಿ ನೋಡಿದೆವು.

ಮೂರನೆಯದು ಖಾತರಿ. ಹಾಕಿದ ಪರಿಹಾರ ಕೆಲಸ ಮಾಡುತ್ತಿದೆಯಾ ಎಂದು ನೋಡುತ್ತಲೇ ಇರುವುದು. ಇದರೊಳಗೇ ಬರುವ ಇನ್ನೊಂದು ವಿಷಯ ಬದಲಾವಣೆಯ ನಿರ್ವಹಣೆ. ಹೊಸ ಮಾರ್ಗ, ಹೊಸ ಮಾದರಿಯ ವಿಮಾನ, ಹೊಸ ಶಿಫ್ಟ್ ಪದ್ಧತಿ, ಹೊಸ ಗುತ್ತಿಗೆದಾರ, ಏನೇ ಬದಲಾದರೂ ಜಾರಿಗೆ ಮುಂಚೆ ಕೂತು ಇದರಿಂದ ಏನು ಕೆಡಬಹುದು ಎಂದು ಯೋಚಿಸಬೇಕು.

ನಾಲ್ಕನೆಯದು ತರಬೇತಿ ಮತ್ತು ಮಾತುಕತೆ. ಕೆಲಸಗಾರರಿಗೆ ಕಲಿಸುವುದು, ಅವರು ಹೇಳಿದ್ದಕ್ಕೆ ಏನಾಯಿತು ಎಂದು ತಿರುಗಿ ಹೇಳುವುದು.

ಈ ನಾಲ್ಕರಲ್ಲಿ ಬದಲಾವಣೆಯ ವಿಷಯದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಣ್ಣಿಗೆ ಬೀಳದೆ ನುಸುಳುವುದು ಅದೇ.

ಗ್ರೀಸ್ ಹಚ್ಚುವುದು ಸ್ವಲ್ಪ ತಡವಾದರೆ ಏನಾಗುತ್ತೆ

2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್‌ನ 261ನೇ ವಿಮಾನ ಕ್ಯಾಲಿಫೋರ್ನಿಯಾದ ತೀರದಾಚೆ ಸಮುದ್ರಕ್ಕೆ ಬಿತ್ತು. ಎಂಡಿ-83 ಮಾದರಿಯ ವಿಮಾನ ಅದು. 88 ಜನ ಸತ್ತರು. ಬಾಲದ ಅಡ್ಡರೆಕ್ಕೆಯನ್ನು ಮೇಲೆ ಕೆಳಗೆ ಮಾಡಲು ಒಂದು ಉದ್ದನೆಯ ಸ್ಕ್ರೂ ಇರುತ್ತದೆ, ಅದರ ಮೇಲೆ ಒಂದು ನಟ್. ಗ್ರೀಸ್ ಸಾಲದೆ ಆ ನಟ್‌ನ ಒಳಗಿನ ತಿರುಪು ಗೆರೆಗಳು ಸವೆದು ಸವೆದು ಕೊನೆಗೆ ಕಿತ್ತುಹೋದವು. ಅಡ್ಡರೆಕ್ಕೆ ಹಿಡಿತಕ್ಕೆ ಸಿಗದೆ ಹೋಯಿತು.

ಗ್ರೀಸ್ ಹಚ್ಚುವ ಅವಧಿಯ ಕಥೆ ನೋಡಿ. 1985ರಲ್ಲಿ ಸುಮಾರು 700 ಹಾರಾಟ ಗಂಟೆಗೊಮ್ಮೆ ಹಚ್ಚುತ್ತಿದ್ದರು. ಆಮೇಲೆ 1,000 ಗಂಟೆಯಾಯಿತು. ನಂತರ 1,200. ಅದಾದ ಮೇಲೆ 1,600. 1996ರಲ್ಲಿ ಗಂಟೆಯ ಲೆಕ್ಕವನ್ನೇ ಬಿಟ್ಟು 8 ತಿಂಗಳಿಗೊಮ್ಮೆ ಎಂದು ಮಾಡಿದರು. ಆ ಕಂಪನಿಯ ವಿಮಾನಗಳು ಹಾರುತ್ತಿದ್ದ ಲೆಕ್ಕದಲ್ಲಿ ಅದು ಸುಮಾರು 2,550 ಗಂಟೆ. ಹನಿ ಹನಿ ಕೂಡಿ ಹಳ್ಳ ಎನ್ನುವ ಹಾಗೆ, ಒಂದೊಂದು ಹೆಜ್ಜೆಯೂ ಚಿಕ್ಕದೇ. ಹನ್ನೊಂದು ವರ್ಷದಲ್ಲಿ ಮೂರೂವರೆ ಪಟ್ಟು ದಾಟಿತು.

ಬದಲಾವಣೆಯ ನಿರ್ವಹಣೆ ನಿಜವಾಗಿ ಇರುವ ಕಂಪನಿಯಲ್ಲಿ ಪ್ರತಿ ಸಲವೂ ಒಬ್ಬರು ಕೇಳಬೇಕಾದ ಪ್ರಶ್ನೆಗಳು ಸರಳ. ಮೊದಲು ಎಷ್ಟಿತ್ತು? ಹಿಂದಿನ ಬದಲಾವಣೆಗಳನ್ನೂ ಸೇರಿಸಿದರೆ ಒಟ್ಟು ಎಷ್ಟಾಯಿತು? ಈ ನಟ್ ಹೋದರೆ ಬೇರೆ ಆಸರೆ ಏನಿದೆ? ಆಸರೆ ಇಲ್ಲ ಎಂದಾದರೆ ಚರ್ಚೆ ಅಲ್ಲಿಗೇ ನಿಲ್ಲಬೇಕು.

ವಿಮಾನ ಹಾರಿಸುವ ಕಂಪನಿಯಲ್ಲಿ ಇದು ದಿನವೂ ಹೇಗೆ ನಡೆಯುತ್ತದೆ

ಮಾಹಿತಿ ಬರುವುದು ಮುಖ್ಯವಾಗಿ ಎರಡು ದಾರಿಯಲ್ಲಿ. ಒಂದು ಮನುಷ್ಯರು ಬರೆದು ಕೊಡುವ ವರದಿ. ಇನ್ನೊಂದು ವಿಮಾನದೊಳಗಿನ ರೆಕಾರ್ಡರ್. ಕಪ್ಪು ಪೆಟ್ಟಿಗೆ ಎಂದರೆ ಅಪಘಾತವಾದ ಮೇಲೆ ಹುಡುಕುವುದು ಎಂದುಕೊಂಡಿದ್ದೇವೆ. ಆದರೆ ಅದೇ ರೀತಿಯ ಮಾಹಿತಿಯನ್ನು ಸುಲಭವಾಗಿ ತೆಗೆಯಬಹುದಾದ ಇನ್ನೊಂದು ರೆಕಾರ್ಡರ್‌ನಿಂದ ಇಳಿಸಿಕೊಂಡು, ಏನೂ ಆಗದ ಸಾಮಾನ್ಯ ಹಾರಾಟಗಳನ್ನೂ ದಿನವೂ ನೋಡುವ ಪದ್ಧತಿ ದೊಡ್ಡ ಏರ್‌ಲೈನ್ಸ್‌ಗಳಲ್ಲಿ ಇದೆ. ವೇಗ ಎಷ್ಟಿತ್ತು, ಚಕ್ರ ಯಾವಾಗ ಇಳಿಸಿದರು, ನೆಲಕ್ಕೆ ಎಷ್ಟು ಜೋರಾಗಿ ತಾಗಿತು, ಎಲ್ಲ ಗೊತ್ತಾಗುತ್ತದೆ.

ಒಂದು ಸನ್ನಿವೇಶ ಊಹಿಸಿಕೊಳ್ಳಿ. ಇಳಿಯುವ ವಿಮಾನ ನೆಲದಿಂದ 1,000 ಅಡಿ ಎತ್ತರಕ್ಕೆ ಬರುವ ಹೊತ್ತಿಗೆ ಸರಿಯಾದ ವೇಗದಲ್ಲಿ, ಸರಿಯಾದ ಇಳಿಜಾರಿನಲ್ಲಿ, ಚಕ್ರ ಇಳಿಸಿಕೊಂಡು ಸ್ಥಿರವಾಗಿರಬೇಕು, ಇಲ್ಲದಿದ್ದರೆ ಮತ್ತೆ ಮೇಲೇರಬೇಕು ಎಂಬ ನಿಯಮ ಕಂಪನಿಯಲ್ಲಿದೆ. ಒಂದು ನಿಲ್ದಾಣದ ಒಂದು ರನ್‌ವೇಯಲ್ಲಿ ಮಾತ್ರ ಬಹಳ ವಿಮಾನಗಳು ವೇಗ ಜಾಸ್ತಿ ಇಟ್ಟುಕೊಂಡೇ ಬರುತ್ತಿವೆ ಎಂದು ರೆಕಾರ್ಡರ್ ತೋರಿಸುತ್ತದೆ. ಹಳೆಯ ಪದ್ಧತಿಯಾದರೆ ಆ ಪೈಲಟ್‌ಗಳನ್ನು ಒಬ್ಬೊಬ್ಬರಾಗಿ ಕರೆದು ಗದರಿಸುತ್ತಿದ್ದರು. ಈಗ ಪೈಲಟ್‌ಗಳ ವರದಿಯನ್ನೂ ಜೊತೆಗಿಟ್ಟು ಓದುತ್ತಾರೆ. ಅದರಲ್ಲಿ ಕಾರಣ ಇದೆ: ಅಲ್ಲಿನ ನಿಯಂತ್ರಕರು ಬೇರೆ ವಿಮಾನಗಳಿಗೆ ದಾರಿ ಬಿಡಲು ಇವರನ್ನು ತುಂಬಾ ಹೊತ್ತು ಎತ್ತರದಲ್ಲೇ ಇಡುತ್ತಾರೆ, ಆಮೇಲೆ ಅವಸರದಲ್ಲಿ ಇಳಿಯಬೇಕಾಗುತ್ತದೆ. ಕಂಪನಿ ನಿಯಂತ್ರಕರ ಜೊತೆ ಕೂತು ಮಾತಾಡುತ್ತದೆ, ಪೈಲಟ್‌ಗಳಿಗೆ ಮೊದಲೇ ಸಿದ್ಧರಾಗಲು ಹೇಳುತ್ತದೆ. ಮೂರು ತಿಂಗಳ ನಂತರ ಅದೇ ರನ್‌ವೇಯ ಅಂಕಿಗಳನ್ನು ಮತ್ತೆ ತೆಗೆದು ನೋಡುತ್ತದೆ. ಆ ಕೊನೆಯ ಕೆಲಸ ಬಿಟ್ಟರೆ ಉಳಿದದ್ದೆಲ್ಲ ಅರ್ಧ ಮಾಡಿದ ಹಾಗೆ.

ತಪ್ಪು ಮಾಡಿದವರನ್ನು ಬಿಟ್ಟುಬಿಡುತ್ತಾರಾ?

ನ್ಯಾಯವಾದ ಅನುಮಾನ. ವರದಿ ಬರೆದವರಿಗೆ ಶಿಕ್ಷೆ ಇಲ್ಲ ಎಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದಲ್ವಾ?

ಹಾಗಲ್ಲ. ಜಸ್ಟ್ ಕಲ್ಚರ್ ಎಂಬ ಪದ ಬಳಸುತ್ತಾರೆ, ನ್ಯಾಯದ ವಾತಾವರಣ ಎನ್ನಬಹುದು. ಸುಸ್ತಾಗಿ, ಗೊಂದಲವಾಗಿ, ಕತ್ತಲಲ್ಲಿ ಕಾಣದೆ ಮಾಡಿದ ತಪ್ಪು ಒಂದು ಬಗೆ. ಅದೇ ಜಾಗದಲ್ಲಿ ಇನ್ನೊಬ್ಬರನ್ನು ನಿಲ್ಲಿಸಿದರೂ ಅದೇ ತಪ್ಪು ಆಗುತ್ತಿತ್ತು ಎಂದಾದರೆ ಜಾಗವನ್ನು ಸರಿಮಾಡಬೇಕು. ಮಾಡದ ಕೆಲಸಕ್ಕೆ ಮಾಡಿದ್ದೇನೆ ಎಂದು ಸಹಿ ಹಾಕುವುದು, ಕುಡಿದು ಕೆಲಸಕ್ಕೆ ಬರುವುದು, ಗೊತ್ತಿದ್ದೂ ಸಾಕ್ಷಿ ಮುಚ್ಚಿಡುವುದು ಬೇರೆ ಬಗೆ. ಅದಕ್ಕೆ ಕ್ಷಮೆ ಇಲ್ಲ. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಮೊದಲೇ ಬರೆದು ಎಲ್ಲರಿಗೂ ತಿಳಿಸಬೇಕು. ಅಪಘಾತ ಆದ ಮೇಲೆ ಗೆರೆ ಎಳೆಯಲು ಹೋದರೆ ಅದು ಯಾವಾಗಲೂ ಕೆಳಗಿನವರ ಕಾಲ ಬುಡದಲ್ಲೇ ಬೀಳುತ್ತದೆ.

ವಿಮಾನ ತಯಾರಿಸುವವರ ಪಾಡು ಬೇರೆ

ಏರ್‌ಲೈನ್ಸ್‌ನ ತಪ್ಪು ಒಂದು ಹಾರಾಟದಲ್ಲಿ ಕಾಣಬಹುದು. ವಿನ್ಯಾಸದ ತಪ್ಪು ಆ ಮಾದರಿಯ ಎಲ್ಲ ವಿಮಾನಗಳಲ್ಲೂ ಇರುತ್ತದೆ, ಒಂದೇ ದಿನ ಹಲವು ದೇಶಗಳ ಆಕಾಶದಲ್ಲಿ. ಅದಕ್ಕೇ ದೊಡ್ಡ ವಿಮಾನಗಳ ವಿನ್ಯಾಸದ ಅಳತೆಗೋಲು ತುಂಬಾ ಕಠಿಣ. ವಿಮಾನವನ್ನೇ ಕಳೆದುಕೊಳ್ಳುವಂಥ ವೈಫಲ್ಯದ ಸಾಧ್ಯತೆ ಸುಮಾರು 100 ಕೋಟಿ ಹಾರಾಟ ಗಂಟೆಗೆ ಒಂದಕ್ಕಿಂತ ಕಡಿಮೆ ಇರಬೇಕು ಎನ್ನುತ್ತಾರೆ.

ಇಷ್ಟು ಕಠಿಣ ಲೆಕ್ಕ ಇದ್ದೂ 737 ಮ್ಯಾಕ್ಸ್ ಎರಡು ಸಲ ಬಿತ್ತು. 2018ರ ಅಕ್ಟೋಬರ್ 29ರಂದು ಇಂಡೊನೇಷ್ಯಾದಲ್ಲಿ 189 ಜನ, 2019ರ ಮಾರ್ಚ್ 10ರಂದು ಇಥಿಯೋಪಿಯಾದಲ್ಲಿ 157 ಜನ, ಒಟ್ಟು 346 ಜೀವ. ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಕೆಟ್ಟ ಸೆನ್ಸರ್ ಹೇಳಿದ್ದನ್ನು ನಂಬಿ ವಿಮಾನದ ಮೂಗನ್ನು ಮತ್ತೆ ಮತ್ತೆ ಕೆಳಕ್ಕೆ ಒತ್ತಿತು.

ಇಲ್ಲೂ ಗ್ರೀಸ್‌ನ ಕಥೆಯೇ. ಎಂಕ್ಯಾಸ್ ಮೊದಲು ಯೋಚಿಸಿದ್ದು ಹೆಚ್ಚು ವೇಗದಲ್ಲಿ ಅಪರೂಪಕ್ಕೆ ಬರುವ ಸನ್ನಿವೇಶಕ್ಕೆ. ಬಾಲದ ಅಡ್ಡರೆಕ್ಕೆಯನ್ನು ಒಂದು ಸಲಕ್ಕೆ 0.6 ಡಿಗ್ರಿಯಷ್ಟು ಮಾತ್ರ ತಿರುಗಿಸುವ ಶಕ್ತಿ ಅದಕ್ಕಿತ್ತು. ಪರೀಕ್ಷಾ ಹಾರಾಟಗಳ ನಂತರ ಕಡಿಮೆ ವೇಗದಲ್ಲೂ ಬೇಕು ಎನಿಸಿತು, ಶಕ್ತಿಯನ್ನು 2.5 ಡಿಗ್ರಿಗೆ ಏರಿಸಿದರು. ಬದಲಾದದ್ದು ಒಂದು ಅಂಕಿ ಅನ್ನಿಸುತ್ತದೆ. ಆದರೆ ಆ ಅಂಕಿ ಬದಲಾದಾಗ ಆ ಸಾಫ್ಟ್‌ವೇರ್‌ನ ಅಪಾಯವೇ ಬದಲಾಯಿತು. ಒಂದೇ ಸೆನ್ಸರ್ ನಂಬಿದರೆ ಸಾಕಾ, ಪೈಲಟ್‌ಗಳಿಗೆ ಇದು ಇದೆ ಎಂದು ಹೇಳಬೇಕಾ, ಮೊದಲಿನ ಲೆಕ್ಕಗಳು ಇನ್ನೂ ನಿಲ್ಲುತ್ತವಾ ಎಂದು ಬುಡದಿಂದ ಮತ್ತೆ ನೋಡಬೇಕಾಗಿತ್ತು. ಪೂರ್ತಿಯಾಗಿ ನೋಡಲಿಲ್ಲ.

ತಯಾರಕರಿಗೆ ಇನ್ನೊಂದು ತೊಡಕು ಇದೆ. ಇಡೀ ವಿಮಾನವನ್ನು ಒಂದೇ ಕಂಪನಿ ಮಾಡುವುದಿಲ್ಲ. ಡೋರ್ ಪ್ಲಗ್ ಹಾರಿಹೋದ ವಿಮಾನದ ಮೈಭಾಗ ತಯಾರಾದದ್ದು ಸ್ಪಿರಿಟ್ ಏರೊಸಿಸ್ಟಮ್ಸ್ ಎಂಬ ಬೇರೆ ಕಂಪನಿಯಲ್ಲಿ. ಬೋಯಿಂಗ್ ಕಾರ್ಖಾನೆಯೊಳಗೆ ಎರಡೂ ಕಡೆಯವರು ಕೆಲಸ ಮಾಡುತ್ತಿದ್ದರು. ರಿವೆಟ್ ಸರಿಮಾಡುವವರು ಒಬ್ಬರು, ಪ್ಲಗ್ ತೆಗೆಯುವವರು ಇನ್ನೊಬ್ಬರು, ಮುಚ್ಚುವವರು ಮತ್ತೊಬ್ಬರು ಎಂದಾದಾಗ ಕೈ ಬದಲಾಗುವ ಜಾಗದಲ್ಲೇ ವಿಷಯ ಜಾರಿಬೀಳುತ್ತದೆ. ಒಳ್ಳೆಯ ಎಸ್‌ಎಂಎಸ್ ಆ ಜಾಗಗಳನ್ನೇ ಮೊದಲು ಹುಡುಕುತ್ತದೆ.

ನಿಯಮಗಳು ಈಗ ಎಲ್ಲಿವೆ

ಅಮೆರಿಕದಲ್ಲಿ ಇದಕ್ಕೆ ತಳ್ಳು ಕೊಟ್ಟದ್ದು ಮತ್ತೊಂದು ದುರಂತ. 2009ರ ಫೆಬ್ರವರಿ 12ರಂದು ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. 2010ರ ಕಾನೂನು ಏರ್‌ಲೈನ್ಸ್‌ಗಳಿಗೆ ಎಸ್‌ಎಂಎಸ್ ಬೇಕೇ ಬೇಕು ಎಂದಿತು. ಎಫ್‌ಎಎ 2015ರಲ್ಲಿ ನಿಯಮ ಹೊರಡಿಸಿ 2018ರ ಮಾರ್ಚ್‌ವರೆಗೆ ಸಮಯ ಕೊಟ್ಟಿತು.

ತಯಾರಕರು ಆಗ ಆ ನಿಯಮದ ಹೊರಗಿದ್ದರು. ಮ್ಯಾಕ್ಸ್ ಅಪಘಾತಗಳ ನಂತರ 2020ರ ಕಾನೂನು ಅವರನ್ನೂ ಒಳಗೆ ತರಲು ಹೇಳಿತು. 2024ರ ಏಪ್ರಿಲ್‌ನಲ್ಲಿ ಅಂತಿಮ ನಿಯಮ ಬಂತು. ವಿಮಾನದ ವಿನ್ಯಾಸಕ್ಕೂ ಅದರ ಉತ್ಪಾದನೆಗೂ ಪ್ರಮಾಣಪತ್ರ ಹೊಂದಿರುವ ಕಂಪನಿಗಳು ಇದರೊಳಗೆ ಬರುತ್ತವೆ. ಚಿಕ್ಕ ಬಾಡಿಗೆ ವಿಮಾನ ಕಂಪನಿಗಳು, ಜನರನ್ನು ಆಕಾಶದಿಂದ ಊರು ತೋರಿಸಲು ಕರೆದೊಯ್ಯುವವರೂ ಬರುತ್ತಾರೆ. ಇವರಿಗೆ ಗಡುವು 2027ರ ಮೇ 28. ಯುರೋಪಿನಲ್ಲಿ ವಿನ್ಯಾಸ ಮತ್ತು ಉತ್ಪಾದನಾ ಸಂಸ್ಥೆಗಳಿಗೆ ನಿಯಮ 2023ರ ಮಾರ್ಚ್ 7ರಿಂದ ಶುರುವಾಗಿ, ಹೊಂದಿಕೊಳ್ಳಲು ಎರಡು ವರ್ಷ ಸಿಕ್ಕಿತು.

ಐದು ಜನ ಇರುವ ಕಂಪನಿಗೂ ದೊಡ್ಡ ಏರ್‌ಲೈನ್ಸ್‌ನಷ್ಟೇ ಕಾಗದಪತ್ರ ಬೇಕಾ? ಬೇಡ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಗಾತ್ರಕ್ಕೆ ತಕ್ಕಷ್ಟು ಮಾಡಿ ಎಂದೇ ನಿಯಮ ಹೇಳುತ್ತದೆ. ಒಬ್ಬರೇ ಎಲ್ಲವನ್ನೂ ನಡೆಸುವ ಕಡೆ ಕೆಲವು ಅಂಶಗಳಿಂದ ವಿನಾಯಿತಿಯೂ ಇದೆ.

2024ರ ನಿಯಮದಲ್ಲಿ ನನಗೆ ಬಹಳ ಮುಖ್ಯ ಎನಿಸಿದ ಅಂಶ ಬೇರೆಯೇ. ಒಂದು ಕಂಪನಿಗೆ ಅಪಾಯವೊಂದು ಕಂಡು, ಅದನ್ನು ಸರಿಮಾಡುವ ಶಕ್ತಿ ತಾನು ವ್ಯವಹರಿಸುವ ಇನ್ನೊಬ್ಬರ ಕೈಯಲ್ಲಿದ್ದರೆ, ಅವರಿಗೆ ತಿಳಿಸಲೇಬೇಕು. 1974ರ ಆ ಆರು ವಾರದಲ್ಲಿ ಇಲ್ಲದೇ ಇದ್ದದ್ದು ಇಂಥದ್ದೇ ಒಂದು ದಾರಿ.

ಕಾಗದದ ಮೇಲಿರುವುದು, ನೆಲದ ಮೇಲಿರುವುದು

ನಿಯಮ ಇದ್ದರೆ ಸಾಕು ಎಂದುಕೊಳ್ಳುವ ಹಾಗಿಲ್ಲ. ಬೋಯಿಂಗ್‌ನ ಸುರಕ್ಷತಾ ವಾತಾವರಣವನ್ನು ಪರಿಶೀಲಿಸಿದ ತಜ್ಞರ ಸಮಿತಿ 2024ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಅಲ್ಲಿ ಎಸ್‌ಎಂಎಸ್ ಇತ್ತು, ದಾಖಲೆಗಳೂ ಇದ್ದವು. ಆದರೆ ಸುರಕ್ಷತೆಯ ಬಗ್ಗೆ ಮೇಲಿನವರು ಅಂದುಕೊಂಡದ್ದಕ್ಕೂ ಉಳಿದ ಕೆಲಸಗಾರರು ಕಂಡದ್ದಕ್ಕೂ ನಡುವೆ ಅಂತರ ಇದೆ ಎಂದು ಸಮಿತಿ ಹೇಳಿತು.

ವರದಿಗಳ ಸಂಖ್ಯೆಯನ್ನೇ ನೋಡಿ. ಒಂದು ಕಂಪನಿಗೆ ವರ್ಷವಿಡೀ ಒಂದೂ ವರದಿ ಬಂದಿಲ್ಲ ಎಂದರೆ ಅಲ್ಲಿ ಎಲ್ಲ ಸರಿ ಇದೆ ಅನ್ನಿಸುತ್ತದೆ. ಈ ಕ್ಷೇತ್ರದವರು ಅದನ್ನು ಕಂಡರೆ ಗಾಬರಿಯಾಗುತ್ತಾರೆ. ಜನ ಹೆದರಿ ಬಾಯಿ ಮುಚ್ಚಿಕೊಂಡಿದ್ದಾರೆ, ಅಥವಾ ಹೇಳಿ ಹೇಳಿ ಬೇಸತ್ತಿದ್ದಾರೆ ಎಂಬ ಅನುಮಾನ ಮೊದಲು ಬರುತ್ತದೆ. ಚಿಕ್ಕಪುಟ್ಟ ವಿಷಯಕ್ಕೂ ವರದಿ ಬರುತ್ತಿದ್ದರೆ ಅದು ಒಳ್ಳೆಯ ಲಕ್ಷಣ.

ಒಂದು ಟೂಲ್, 34 ಹಾರಾಟ

ಕೊನೆಯದಾಗಿ ಒಂದು ಘಟನೆ. 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಕ್ವಾಂಟಸ್ ಏರ್‌ಲೈನ್ಸ್‌ನ ಎ380 ವಿಮಾನವೊಂದು ಲಾಸ್ ಏಂಜಲೀಸ್‌ನಲ್ಲಿ ತಪಾಸಣೆಗೆ ನಿಂತಿತ್ತು. ಎಂಜಿನ್ ಒಳಗಿನ ಬ್ಲೇಡ್‌ಗಳನ್ನು ಕೈಯಿಂದ ತಿರುಗಿಸಿ ನೋಡಲು ನೈಲಾನ್‌ನ ಒಂದು ಟೂಲ್ ಬಳಸುತ್ತಾರೆ, ಉದ್ದ 1.25 ಮೀಟರ್. ಕೆಲಸ ಮುಗಿಯಿತು. ಟೂಲ್ ಎಂಜಿನ್‌ನಲ್ಲೇ ಉಳಿಯಿತು. ವಿಮಾನ ಅದನ್ನು ಹೊತ್ತು 34 ಹಾರಾಟ, ಸುಮಾರು 294 ಗಂಟೆ ಹಾರಿತು. 2024ರ ಜನವರಿ 1ರಂದು ಮುಂದಿನ ತಪಾಸಣೆಯಲ್ಲಿ ಸಿಕ್ಕಿತು. ಅದೃಷ್ಟಕ್ಕೆ ಏನೂ ಆಗಿರಲಿಲ್ಲ.

ಆಸ್ಟ್ರೇಲಿಯಾದ ತನಿಖಾ ಸಂಸ್ಥೆಯ ವರದಿಯಲ್ಲಿ ಟೂಲ್ ಮರೆತದ್ದು ಒಂದು ವಿಷಯವಷ್ಟೇ. ಟೂಲ್ ಕಾಣೆಯಾಗಿದೆ ಎಂದು ಗೊತ್ತಾದ ಮೇಲೆ, ಅದು ಸಿಗುವ ತನಕ ವಿಮಾನ ಬಿಡದಂತೆ ಹುಡುಕುವ ಕ್ರಮ ಕಂಪನಿಯಲ್ಲಿ ಬರೆದಿಟ್ಟಿತ್ತು. ವಿಮಾನ ಹಾರಲು ಸಿದ್ಧ ಎಂದು ಸಹಿ ಹಾಕುವ ಮುಂಚೆ ಆ ಕ್ರಮವನ್ನು ಯಾರೂ ಶುರು ಮಾಡಲಿಲ್ಲ.

ಈಗ ವಿಮಾನ ತಪಾಸಣೆ ಮಾಡುವ ಅಂಥದ್ದೇ ಇನ್ನೊಂದು ಜಾಗ ಕಣ್ಣ ಮುಂದೆ ತಂದುಕೊಳ್ಳಿ. ಬೆಳಗಿನ ಜಾವ. ಮೆಕ್ಯಾನಿಕ್ ತನ್ನ ಟೂಲ್ ಪೆಟ್ಟಿಗೆ ಎಣಿಸುತ್ತಾರೆ, ಒಂದು ಕಡಿಮೆ ಇದೆ. ಇನ್ನು ನಲವತ್ತು ನಿಮಿಷಕ್ಕೆ ವಿಮಾನ ಹೊರಡಬೇಕು. ಅವರು ಸೂಪರ್‌ವೈಸರ್ ಹತ್ತಿರ ಹೋಗಿ “ಸರ್, ಒಂದು ಟೂಲ್ ಸಿಗ್ತಿಲ್ಲ” ಎನ್ನುತ್ತಾರೆ. ಸೂಪರ್‌ವೈಸರ್ ಮುಖ ಗಂಟಿಕ್ಕುವುದಿಲ್ಲ, ಫೋನ್ ಎತ್ತಿ ವಿಮಾನ ನಿಲ್ಲಿಸಿ ಎನ್ನುತ್ತಾರೆ. ಎಂಜಿನ್ ಮುಚ್ಚಳ ಮತ್ತೆ ತೆರೆಯುತ್ತದೆ. ಆ ಹೊತ್ತಿಗೆ ನಾವು ಗೇಟ್ ಹತ್ತಿರ ಬ್ಯಾಗ್ ಹಿಡಿದು ನಿಂತಿರುತ್ತೇವೆ, ಮೈಕ್‌ನಲ್ಲಿ “ತಾಂತ್ರಿಕ ಕಾರಣದಿಂದ ವಿಮಾನ ಒಂದು ಗಂಟೆ ತಡ” ಎಂದು ಕೇಳುತ್ತದೆ.